ಬೆಳಗಿನ ಆರರ ನೀರು

ಫೇರ್‌ಬ್ಯಾಂಕಿನ ಹಳೇ ಸೇತುವೆಯ ಕೆಳಗೆ
ಜೂನ್ ತಿಂಗಳ ಸಾನ್ ಪೆಡ್ರೊ
ಒಂದೇ ನೆಗೆತಕ್ಕೆ ದಾಟುವಷ್ಟು ನದಿ.
ತಪ್ಪಿದರೂ ಒದ್ದೆಯಾಗುವುದು ಒಂದು ಪಾದ.

ಕ್ಯುಸೆಕ್ ಎಂದೊಡನೆ ನಿಮಗೆ ನೆನಪಾದೀತು
ಅಣೆಕಟ್ಟಿನ ಗೇಟು, ಪತ್ರಿಕೆಯ ಮೊದಲ ಪುಟ,
ಹತ್ತು ಸಾವಿರ, ಹದಿನೈದು ಸಾವಿರ, ಜಗಳ.
ನನ್ನ ಪುಸ್ತಕದಲ್ಲಿ ಇವತ್ತಿನದು
ಸೊನ್ನೆ ಬಿಂದು ನಾಲ್ಕು.
ಒಂದು, ಎರಡು ಎನ್ನುವಷ್ಟರಲ್ಲಿ ಒಂದು ಕೊಡ.
ಅಷ್ಟೆ. ಅದಕ್ಕೇ ಸರ್ಕಾರ ನನಗೆ ಸಂಬಳ ಕೊಡುತ್ತದೆ,
ಒಂದು ಟ್ರಕ್ಕು, ಮೊಣಕಾಲುದ್ದದ ಬೂಟು.

ದಡದ ಮೇಲೆ ಮೆಸ್ಕೀಟ್,
ನೀವು ಬಯ್ಯುತ್ತಾ ಕಡಿಯುವ ಬಳ್ಳಾರಿ ಜಾಲಿಗೆ ಅಕ್ಕ;
ತವರಿನಲ್ಲಿ ಮರ್ಯಾದೆಯಿಂದ ಬಾಳುತ್ತಿದ್ದಾಳೆ.
ಅವಳಾಚೆ ಕಾಟನ್‌ವುಡ್ಡುಗಳ ಸಾಲು.
ಥೇಟ್ ಅರಳಿಯ ಎಲೆ,
ಗಾಳಿ ಇಲ್ಲದಾಗಲೂ ಏನೋ ಗೊಣಗುವ ಚಾಳಿ.

ತಗಡಿನ ಪೆಟ್ಟಿಗೆಯೊಳಗೆ ಯಂತ್ರ, ಅದರ ಹಿಂದೆ ಹಲ್ಲಿಯ ಮೊಟ್ಟೆ.
ಹದಿನೈದು ನಿಮಿಷಕ್ಕೊಮ್ಮೆ ಅದು
ನೀರಿನ ಎತ್ತರವನ್ನು ಉಪಗ್ರಹಕ್ಕೆ ಒಪ್ಪಿಸುತ್ತದೆ.
ಚುಕ್ಕೆ ಚುಕ್ಕೆ ಕೂಡಿಸಿದರೆ ಗರಗಸ:
ದಿನಕ್ಕೊಂದು ಹಲ್ಲು.
ಹಗಲು ಇಳಿತ, ರಾತ್ರಿ ಏರಿಕೆ,
ಅಡಿಯ ನೂರರಲ್ಲಿ ನಾಲ್ಕು ಪಾಲು,
ಕಿರುಬೆರಳಿನ ಅಗಲ.

ಮೊದಲು ಯಾರದೋ ಪಂಪಿನ ಮೇಲೆ ಅನುಮಾನ ಪಟ್ಟೆ.
ಆಮೇಲೆ ದನಗಳ ಮೇಲೆ.
ಆಮೇಲೆ ಹಲ್ಲಿಯ ಮೇಲೆ.
ಕೊನೆಗೆ ತಲೆಯೆತ್ತಿ ನೋಡಿದೆ.
ಬಿಸಿಲಿದ್ದಷ್ಟು ಹೊತ್ತು ಮರಗಳು ಕುಡಿಯುತ್ತವೆ,
ಕತ್ತಲಾದರೆ ಬಾಯಿ ಒರೆಸಿಕೊಂಡು ಸುಮ್ಮನಾಗುತ್ತವೆ.
ನದಿ ಆಗ ತನ್ನ ಪಾಲು ಎಣಿಸಿಕೊಳ್ಳುತ್ತದೆ.

ಯಂತ್ರಕ್ಕೆ ಮುಂಚೆ ಇಲ್ಲಿ ಎಲೋಯ್ ಅರ್ವಿಸು ಇದ್ದ.
ಹತ್ತು ವರ್ಷ, ದಿನಕ್ಕೊಂದು ಸಲ,
ಎನಾಮೆಲ್ ಪಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು
ಓದಿ, ಪೆನ್ಸಿಲಿನಲ್ಲಿ ಬರೆದ.
ಅರವತ್ತೆಂಟರ ಮೇ ತಿಂಗಳಲ್ಲಿ
ಅವನ ನದಿ ಇದ್ದಕ್ಕಿದ್ದಂತೆ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ,
ಮತ್ತೆ ಹತ್ತುವುದಿಲ್ಲ.
ಟಸಾನ್ ಕಚೇರಿಯಲ್ಲಿ ಯಾರೋ ಕೆಂಪು ಬಾಣ ಎಳೆದು
"ಕಾರಣ ತಿಳಿಯದು" ಎಂದಿದ್ದಾರೆ.
ಅದರ ಮೇಲೆ ಇಬ್ಬರು ಪ್ರಬಂಧವನ್ನೂ ಬರೆದಿದ್ದಾರೆ.

ಮೂಲ ಪುಸ್ತಕ ತರಿಸಿದೆ. ಇಲಿ ಕಡಿದ ಅಂಚು.
ಅಂಚಿನಲ್ಲಿ ಹೊತ್ತು ಬರೆದಿದ್ದಾನೆ, ಪುಣ್ಯಾತ್ಮ:
ಏಪ್ರಿಲ್ ಮೂವತ್ತರವರೆಗೂ ಬೆಳಿಗ್ಗೆ ಆರು.
ಮೇ ಒಂದರಿಂದ ಮಧ್ಯಾಹ್ನ ನಾಲ್ಕು.

ಬಿಸ್ಬಿಯ ಇಳಿಜಾರು ಬೀದಿಯಲ್ಲಿ ಹಳೇ ಕುರ್ಚಿಗಳಿಗೆ ಬೆತ್ತ ಹೆಣೆಯುವ
ಅವನ ಮಗಳು ಒಟಿಲಿಯಾ
ಪುಸ್ತಕವನ್ನು ಕೈಗೆ ತೆಗೆದುಕೊಳ್ಳಲಿಲ್ಲ, ದೂರದಿಂದಲೇ ಅಕ್ಷರ ಗುರುತಿಸಿದಳು.
"ಆ ವರ್ಷ ಅಪ್ಪ ಗಣಿಯಲ್ಲಿ ರಾತ್ರಿ ಪಾಳಿ ಹಿಡಿದ.
ಬೆಳಿಗ್ಗೆ ಮಲಗಬೇಕಲ್ಲ, ಮನುಷ್ಯ.
ಇದಕ್ಕೆ ತಂತಿ ಕಟ್ಟಿಸೋಕೆ ದುಡ್ಡು ಬೇಕಿತ್ತು"
ಎಂದು ತುಟಿ ಸರಿಸಿ ತೋರಿಸಿದಳು:
ಎಪ್ಪತ್ತರ ಹೊಸ್ತಿಲಲ್ಲೂ ಗೆರೆ ಕೊರೆದಂಥ ಹಲ್ಲುಸಾಲು.

ನದಿ ಇಳಿದೇ ಇಲ್ಲ ಎಂದಲ್ಲ.
ಆಚೆ ಊರು ಬೆಳೆದಿದೆ, ಬೋರುಗಳು ಆಳಕ್ಕೆ ಹೋಗಿವೆ,
ಆ ಲೆಕ್ಕ ಬೇರೆ ಪುಟದಲ್ಲಿದೆ, ಅದನ್ನು ಅಳಿಸಲಾರೆ.
ಆದರೆ ಆ ಮೇ ತಿಂಗಳ ಕಿರುಬೆರಳು
ಮರಗಳದ್ದು, ಒಟಿಲಿಯಾಳ ಹಲ್ಲಿನದು.
ನಮೂನೆಯಲ್ಲಿ "ತಿದ್ದುಪಡಿಯ ಕಾರಣ" ಎಂಬಲ್ಲಿ
ಒಂದೂವರೆ ಇಂಚಿನ ಜಾಗ.
"ಓದುವ ಹೊತ್ತು ಬದಲಾಗಿದೆ" ಎಂದು ತುಂಬಿಸಿ
ಸಹಿ ಹಾಕಿದೆ.

ಸುಮ್ಮನಿರಲಾಗಲಿಲ್ಲ. ಒಂದು ರಾತ್ರಿ
ಟ್ರಕ್ಕಿನ ಹಿಂಬದಿಯಲ್ಲಿ ಮಲಗದೆ ಕೂತೆ.
ಸೇತುವೆಯ ಸಂದಿನಿಂದ ಬಾವಲಿಗಳು ಹೋದವು, ಬಂದವು.
ಸಂಜೆ ಒಣಗಿದ್ದ ಒಂದು ಬಿಳಿಕಲ್ಲನ್ನು ಗುರುತು ಇಟ್ಟುಕೊಂಡಿದ್ದೆ.
ಹನ್ನೊಂದಕ್ಕೆ ಅದರ ಬುಡ ಕಪ್ಪಾಗಿತ್ತು.
ಮೂರಕ್ಕೆ ಟಾರ್ಚು ಹಾಕಿದರೆ
ಕಲ್ಲಿಲ್ಲ; ಅದರ ಮೇಲೆ ನೀರಿನದೊಂದು ಸಣ್ಣ ಸುಕ್ಕು.

ಆರು ಗಂಟೆ.
ಕುಕ್ಕರಗಾಲಲ್ಲಿ ಕೂತೆ. ಮಂಡಿ ಕಿರುಗುಟ್ಟಿತು.
ಒಂದು ಬಿಂದು ಮೂರು ಎಂಟು.
ಪೆನ್ಸಿಲಿನಲ್ಲೇ ಬರೆದೆ, ಪಕ್ಕದಲ್ಲಿ ಹೊತ್ತೂ ಬರೆದೆ.
ತಲೆಯ ಮೇಲೆ, ಬಿಸಿಲು ತಾಗಿದ ತುದಿಯಲ್ಲಿ,
ಒಂದು ಎಲೆ ಆಗಲೇ ಶುರು ಮಾಡಿತ್ತು.