ಖಾಲಿ ತೂಕ

ಪಾಂಡವಪುರದ ಸಕ್ಕರೆ ಕಾರ್ಖಾನೆಯಂಗಳದಲ್ಲಿ
ರಾತ್ರಿ ಪಾಳಿಯ ತೂಕದ ಗುಮಾಸ್ತ ನಾನು.
ಕಬ್ಬಿನ ಲಾರಿ ಬಂದು ಉಕ್ಕಿನ ಹಾಸಿನ ಮೇಲೆ ನಿಲ್ಲುತ್ತದೆ.
ಕೆಂಪು ಅಂಕಿಗಳು ತಡವರಿಸಿ, ತಡವರಿಸಿ, ಒಂದು ಕಡೆ ಕೂರುತ್ತವೆ.
ಬರೆದುಕೊಳ್ಳುತ್ತೇನೆ.
ಕಬ್ಬಿಳಿಸಿ ಅದೇ ಲಾರಿ ಮರಳಿ ಬರುತ್ತದೆ.
ಅದನ್ನೂ ಬರೆದುಕೊಳ್ಳುತ್ತೇನೆ.
ತುಂಬಿದ ತೂಕ, ಖಾಲಿ ತೂಕ.
ಮೂವತ್ತೊಂದು ವರ್ಷ ನಾನು ಉಂಡದ್ದು
ಇವೆರಡರ ನಡುವಿನ ಕಳೆಯುವ ಲೆಕ್ಕ.

ಹನ್ನೊಂದೂವರೆಗೆ ಲ್ಯಾಬಿನ ಷಡಕ್ಷರಿ ಬಂದ.
ಕೈಯಲ್ಲಿ ರಸದ ಸೀಸೆಯಿಲ್ಲ, ದುರ್ಬೀನು.
"ಸಾರ್, ಎರಡೂ ನಲವತ್ತಕ್ಕೆ ಒಂದು ಕಲ್ಲು ಹಾದುಹೋಗ್ತದೆ.
ಚಂದ್ರನಿಗಿಂತ ಈಚೆ."
"ಹೆಸರೇನಪ್ಪ ಅದಕ್ಕೆ?"
"ಹೆಸರಿಲ್ಲ. ಸಿಕ್ಕಿದ ವರ್ಷ, ಎರಡಕ್ಷರ, ಒಂದು ನಂಬರು."
ಸರಿ, ಲಾರಿಯ ಹಾಗೆ.
"ಎಷ್ಟು ಟನ್ನು?"
ನಕ್ಕ. "ಯಾರೂ ತೂಗಿಲ್ಲ. ಬೆಳಕು ನೋಡಿ ಅಂದಾಜು.
ನಮ್ಮ ಚಿಮಣಿಯಷ್ಟು ಇರಬಹುದು. ಅರ್ಧವೂ ಇರಬಹುದು."
ಅಂದಾಜಿಗೆಲ್ಲ ಇಲ್ಲಿ ಬಿಲ್ಲಾಗುವುದಿಲ್ಲ.

ಟೋಕನ್ನಿನ ಬೆನ್ನಿಗೆ ಚಿತ್ರ ಬರೆದ.
ನಡುವೆ ಸೂರ್ಯ, ಚಹಾ ಲೋಟದ ಗುರುತು.
ಸುತ್ತ ನಮ್ಮ ದಾರಿ, ಗುಂಡಗೆ, ಹೆಚ್ಚುಕಮ್ಮಿ.
ಅದನ್ನು ಎರಡು ಕಡೆ ದಾಟುವ, ಒಂದು ಬದಿಗೆ ಎಳೆದ ಇನ್ನೊಂದು ದಾರಿ:
ಗೂಟಕ್ಕೆ ಕಟ್ಟಿದ ಎಮ್ಮೆ
ಪಕ್ಕದವರ ಗದ್ದೆಗೆ ಬಾಯಿ ಹಾಕಿದ ಹಾಗೆ.
ಹದಿಮೂರು ತಿಂಗಳಿಗೆ ಅದರದೊಂದು ಸುತ್ತು.
ನಾವು ಹದಿಮೂರು ಸುತ್ತುವಷ್ಟರಲ್ಲಿ ಅದು ಹನ್ನೆರಡು.
ಮತ್ತೆ ಈ ತಿರುವಿನಲ್ಲಿ ಮುಖಾಮುಖಿ
ಹದಿಮೂರು ವರ್ಷಕ್ಕೆ.
ನನಗಾಗ ಎಪ್ಪತ್ತೊಂದು. ಈ ಕುರ್ಚಿಯಲ್ಲಿ ಬೇರೆಯವನು.

ಕಿಟಕಿಯ ಕೆಳಗೆ ಸೀತ್ಲಿ ಕೇಳುತ್ತ ನಿಂತಿದ್ದಳು.
ಹಡಗಲಿ ಕಡೆಯ ತಾಂಡಾದ ಹುಡುಗಿ.
ಅವರ ಗ್ಯಾಂಗು ಕಬ್ಬು ಕಡಿಯಲು ಬರುವುದು
ಕುಂತಿಬೆಟ್ಟಕ್ಕೆ ಮಂಜು ಕೂರುವ ಹೊತ್ತಿಗೆ,
ಹೋಗುವುದು ಯುಗಾದಿಗೆ ಮುಂಚೆ.
ಅಂಗಳದಾಚೆ ನೀಲಿ ಟಾರ್ಪಾಲು, ಮೂರು ಕಲ್ಲು, ಹೊಗೆ.
ಒಂದು ವರ್ಷ ಮುಂದಿನ ಹಲ್ಲಿರಲಿಲ್ಲ. ಮರುವರ್ಷ ಇತ್ತು.
ಹಲ್ಲು ಬಂದದ್ದು ನನಗೆ ಕಾಣದ ಕಡೆ.

"ಅದು ಬಿದ್ರ?"
"ಬೀಳಾಕಿಲ್ಲ ಕಣವ್ವ."
"ಯಾಕ ಬೀಳಂಗಿಲ್ಲ?"
ಷಡಕ್ಷರಿ ನನ್ನ ಮುಖ ನೋಡಿದ, ನಾನು ಅವನದು.
"ಬೀಳ್ತಾನೇ ಇದೆ ಮಗ, ಸೂರ್ಯನ ಕಡೆಗೆ.
ಅಡ್ಡಡ್ಡ ಓಡ್ತಾನೂ ಇದೆಯಲ್ಲ, ಅದಕ್ಕೇ ಮುಟ್ಟೋದಿಲ್ಲ."
ಸೀತ್ಲಿ ತಲೆಯಾಡಿಸಿದಳು,
ಅವರ ಮನೆಯ ಸಂಗತಿಯೇ ಎಂಬಂತೆ.

ಎರಡೂ ನಲವತ್ತು.
ಕಾಕಂಬಿಯ ವಾಸನೆ ಹೊತ್ತ ಗಾಳಿ. ಮಹಾವ್ಯಾಧ ಪಡುವಣಕ್ಕೆ ವಾಲಿದ್ದ.
ದುರ್ಬೀನು ಮೂವರ ಕೈ ತಿರುಗಿತು.
ಅವಳಿಗೆ ಚಿಮಣಿಯ ಕಿಡಿ ಕಂಡಿತು, ನನಗೆ ನನ್ನ ರೆಪ್ಪೆ.
"ಹೋಯ್ತು," ಅಂದ ಷಡಕ್ಷರಿ, ಗಡಿಯಾರ ನೋಡಿ.
ಆಮೇಲೆ, ಚಹಾ ಮುಗಿದ ಮೇಲೆ:
"ಹದಿಮೂರು ಅಂದೆನಲ್ಲ, ಆ ಲೆಕ್ಕ ಹಳೇದಾಯ್ತು ಸಾರ್.
ನಮ್ಮ ಪಕ್ಕ ಹಾದದ್ದಕ್ಕೆ ಅದರ ದಾರಿ ಒಂಚೂರು ಬಾಗಿರುತ್ತೆ.
ಹೊಸದಾಗಿ ಅಳೀಬೇಕು."
"ನಮ್ಮದು ಬಾಗಿಲ್ಲವೋ?"
"ಬಾಗಿರುತ್ತೆ. ಯಾವ ಯಂತ್ರಕ್ಕೂ ಸಿಗದಷ್ಟು."

ಆ ಹೊತ್ತಿಗೆ ಹಾಸು ಖಾಲಿಯಿತ್ತು. ಸೀತ್ಲಿ ಹತ್ತಿ ನಿಂತಳು,
ಪ್ರತಿ ವರ್ಷದ ಹಾಗೆ, ಕೈ ಎರಡೂ ಬಿಗಿಹಿಡಿದು.
ಇಪ್ಪತ್ತು ಕಿಲೋಗಿಂತ ಕಮ್ಮಿಯದು ನಮ್ಮ ಯಂತ್ರದ ಪಾಲಿಗೆ ಇಲ್ಲವೇ ಇಲ್ಲ.
ಹೋದ ವರ್ಷ ಸೊನ್ನೆ. ಅದರ ಹಿಂದೆಯೂ ಸೊನ್ನೆ.
ಕೆಂಪು ಅಂಕಿ ತಡವರಿಸಿತು.
ಇಪ್ಪತ್ತು.
ಅವಳ ಕೇಕೆಗೆ ಗಾಡಿಯೆತ್ತುಗಳು ಕಿವಿ ನಿಮಿರಿಸಿದವು.

ಚೀಟಿ ಹರಿದೆ. ವಾಹನ ಸಂಖ್ಯೆಯ ಜಾಗದಲ್ಲಿ: ಸೀತ್ಲಿ.
ತುಂಬಿದ ತೂಕ: ಇಪ್ಪತ್ತು.
ಖಾಲಿ ತೂಕದ ಮನೆಯ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಹಾಗೇ ಬಿಟ್ಟೆ.

ಹಿಂದೆ ಚಿನಕುರಳಿಯ ಟ್ರ್ಯಾಕ್ಟರು ಹಾರ್ನು ಹೊಡೆಯಿತು.
ಇಳಿಯವ್ವ, ಸಾಲು ಬೆಳೀತಾ ಇದೆ.