ಇನ್ನೂರ ಐವತ್ತನಾಲ್ಕನೇ ಕಲಮು

ರಾತ್ರಿ ಎರಡೂ ಕಾಲಿಗೆ, ಓಕಯಾಮಾ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ
ದೀಪವಿಲ್ಲದ ಸೈಕಲ್ಲೊಂದನ್ನು ನಿಲ್ಲಿಸಿದೆ.
ನಿಲ್ಲಿಸುವುದು ನನ್ನ ಕೆಲಸ. ಹನ್ನೊಂದು ವರ್ಷದಿಂದ
ಇದೇ ಚೌಕಿ, ಇದೇ ಚಹಾದ ಫ್ಲಾಸ್ಕು.

ಹುಡುಗನ ಹೆಸರು ಇನಾಗಾಕಿ ಶೋಹೆ. ಬ್ರೆಡ್ಡು ಕಾರ್ಖಾನೆಯ ರಾತ್ರಿಪಾಳಿ;
ಮುಂಗೈ ರೋಮದಲ್ಲಿ ಇನ್ನೂ ಹಿಟ್ಟಿತ್ತು.
ಸೀಟಿನ ಕೆಳಗಿನ ಚೀಟಿಯ ಅಂಕಿಗಳನ್ನು
ವೈರ್‌ಲೆಸ್ಸಿನಲ್ಲಿ ಒಂದೊಂದಾಗಿ ಓದಿದೆ.
ಆ ಕಡೆಯಿಂದ ಇನ್ನೊಬ್ಬರ ಹೆಸರು ಬಂತು.

"ನಿನ್ನದಾ?"
"ಸಿಕ್ಕಿದ್ದು."

ಸಿಕ್ಕಿದ್ದು! ಈ ಒಂದು ಮಾತಿಗೆ ನಮ್ಮಲ್ಲಿ
ಒಂದು ಇಡೀ ಕಾಯಿದೆಯೇ ಇದೆ.
ಸಿಕ್ಕಿದವರಿಗೆ ಸೀರುಂಡೆ ಅನ್ನುವುದು ಮಕ್ಕಳ ಲೆಕ್ಕ.
ಏಳು ದಿನದೊಳಗೆ ತಂದೊಪ್ಪಿಸಿದ್ದರೆ
ಒಡೆಯ ಬಂದಾಗ ನೂರಕ್ಕೆ ಐದರಿಂದ ಇಪ್ಪತ್ತು ನಿನ್ನ ಪಾಲು,
ಮೂರು ತಿಂಗಳು ಯಾರೂ ಬಾರದಿದ್ದರೆ
ಗಂಟೆಯ ಸಮೇತ ಸೈಕಲ್ಲೇ ನಿನ್ನದು.
ಒಪ್ಪಿಸದೆ ಇಟ್ಟುಕೊಂಡರೆ ಇನ್ನೂರ ಐವತ್ತನಾಲ್ಕನೇ ಕಲಮು:
ಒಂದು ವರ್ಷದವರೆಗೆ ಜೈಲು, ಇಲ್ಲವೆ ಲಕ್ಷ ಯೆನ್‌ವರೆಗೆ ದಂಡ.
ಕದ್ದರೆ ಬೇರೆ ಕಲಮು, ಅದು ಇನ್ನೂ ಭಾರ.
ಕದಿಯದೆಯೂ ತಪ್ಪಿತಸ್ಥನಾಗುವ ಹಾದಿ
ಇಷ್ಟು ಅಗಲವಾಗಿದೆಯೆಂದು ಅವನಿಗೆ ತಿಳಿದಿರಲಿಲ್ಲ.

"ಒಂದು ವರ್ಷ ಎಂಟು ತಿಂಗಳು," ಎಂದ ತಾನಾಗಿಯೇ.
ಹೊಸ ಚೈನು ಹಾಕಿಸಿದ್ದನಂತೆ. ಹಿಂದಿನ ಟೈರು ಎರಡು ಸಲ.
ಪ್ರತಿ ಭಾನುವಾರ ಎಣ್ಣೆ.
ಎಣ್ಣೆಗೆ ಇಲ್ಲಿ ಜಾಗ ಇಲ್ಲವೆಂದು ನಮೂನೆ ತೋರಿಸಿದೆ:
ದಿನಾಂಕ, ಸ್ಥಳ, ವಸ್ತು, ಬಣ್ಣ, ಅಂದಾಜು ಬೆಲೆ.
ಹತ್ತು ಬೆರಳೂ ಒತ್ತಿದ. ಹಿಟ್ಟು ತೊಳೆದುಕೊಂಡು ಬಾ ಎಂದು
ಎರಡು ಸಲ ನಲ್ಲಿಗೆ ಕಳಿಸಬೇಕಾಯಿತು.

ಬೆಳಗಾದ ಮೇಲೆ ಒಡತಿ ಬಂದರು. ಮೊಮೊಸೆ ಫುಮಿ, ಎಪ್ಪತ್ತೊಂಬತ್ತು,
ಪಾಲಿಥಿನ್ ಚೀಲದಲ್ಲಿ ಮೊಹರು, ನಾಲ್ಕು ಮಡಿಕೆಯ ಖರೀದಿ ರಸೀತಿ.
ಹುಡುಗ ಸೊಂಟ ಮುರಿಯುವಷ್ಟು ಬಾಗಿದ.
ಇಂಥ ಬೆಳಗುಗಳು ನನಗೆ ಗೊತ್ತು: ಬೈಯುತ್ತಾರೆ,
ಅಥವಾ ಬೈಯದೆ ಸಹಿ ಹಾಕಿ ಹೋಗುತ್ತಾರೆ.

ಆಕೆ ಸೈಕಲ್ಲಿನ ಕಡೆ ನೋಡಲೇ ಇಲ್ಲ.
"ಎಲ್ಲಿತ್ತು ಇದು?" ಎಂದರು.

ಹುಡುಗ ನನ್ನ ಮುಖ ನೋಡಿದ.

"ಬೈಯುವುದಕ್ಕಲ್ಲ ಮಗು. ನಮ್ಮವರು ಅವತ್ತು
ಸೈಕಲ್ಲಿನಲ್ಲಿ ಹೋದವರು ಕತ್ತಲಾದ ಮೇಲೆ ನಡೆದು ಬಂದರು.
ಎಲ್ಲಿ ಬಿಟ್ಟಿರಿ ಅಂದರೆ, ಯಾವ ಸೈಕಲ್ಲು ಅಂದರು.
ಷೂ ತುಂಬ ಮರಳು. ಎಲ್ಲಿಗೆ ಹೋಗಿದ್ದಿರಿ ಅಂದರೆ ನಕ್ಕರು.
ಬೇಸಿಗೆಯವರೆಗೂ ಕೇಳುತ್ತಲೇ ಇದ್ದೆ. ಆಮೇಲೆ ಕೇಳಲು ಅವರಿರಲಿಲ್ಲ."

ಅಸಾಹಿ ಹೊಳೆಯ ದಂಡೆ, ಎಂದ ಹುಡುಗ. ರೈಲುಸೇತುವೆಯ ಕೆಳಗೆ.
ಹೊಳೆಗೆ ಮುಖಮಾಡಿ ನಿಂತಿತ್ತು, ಸ್ಟ್ಯಾಂಡ್ ಹಾಕಿ.
ಬೀಗದಲ್ಲೇ ಕೀಲಿ. ಬುಟ್ಟಿಯಲ್ಲಿ ಎರಡು ಕಿತ್ತಳೆ,
ಒಂದರ ಸಿಪ್ಪೆ ಅರ್ಧ ಸುಲಿದಿತ್ತು.
ವಾರವಿಡೀ ದಿನಾ ನೋಡಿದೆ. ಎಂಟನೆಯ ದಿನ ಹತ್ತಿದೆ.

"ಕಿತ್ತಳೆ?"
"ಸುಲಿಯದೇ ಇದ್ದದ್ದನ್ನು ತಿಂದೆ."
ಅದನ್ನೂ ನಾನು ಬರೆದುಕೊಳ್ಳಬೇಕಿತ್ತು; ಬರೆದುಕೊಳ್ಳಲಿಲ್ಲ.

ಸ್ಟ್ಯಾಂಡ್ ಹಾಕಿದ್ದರು. ಆಕೆ ಆ ಎರಡು ಮಾತನ್ನು
ಬಾಯೊಳಗೇ ಇನ್ನೊಮ್ಮೆ ಅಂದುಕೊಂಡರು.
ಬಿದ್ದಿರಲಿಲ್ಲ, ಹಾಗಾದರೆ. ಇಳಿದು, ನಿಲ್ಲಿಸಿ, ಹಣ್ಣು ಸುಲಿದಿದ್ದಾರೆ.

ನಮೂನೆ ತುಂಬಿದೆ: ಬೆಳ್ಳಿಬಣ್ಣ, ಇಪ್ಪತ್ತಾರು ಇಂಚು, ಮೂರು ಸಾವಿರ ಯೆನ್.
ಮೊದಲ ದಿನವೇ ಇಲ್ಲಿಗೆ ತಂದಿದ್ದರೆ
'ಸಿಕ್ಕಿದ ಸ್ಥಳ' ಎಂಬಲ್ಲಿ ಸೇತುವೆಯ ಹೆಸರು ಬರೆದು
ಅಂದೇ ಸಂಜೆ ಫೋನು ಮಾಡುತ್ತಿದ್ದೆ. ಮುದುಕ ಇನ್ನೂ ಬದುಕಿದ್ದ.
ಇಬ್ಬರೂ ಹೋಗಿ ಹೊಳೆ ನೋಡಿ ಬರಬಹುದಿತ್ತು.
ಅದಕ್ಕೆ ಎಷ್ಟು ಯೆನ್?

ಪ್ರಕರಣ ಸಣ್ಣದು, ನ್ಯಾಯಾಲಯದವರೆಗೆ ಹೋಗುವುದಿಲ್ಲ.
ಎಚ್ಚರಿಕೆ, ತಪ್ಪೊಪ್ಪಿಗೆ, ಹೊಣೆಗೆ ಕಾರ್ಖಾನೆಯ ಮೇಸ್ತ್ರಿಯ ಸಹಿ.
ಹೆಸರು ಮಾತ್ರ ಕಡತದಲ್ಲಿ ಉಳಿಯುತ್ತದೆ, ಬೆರಳುಗಳೂ.

ಆಕೆ ಸೈಕಲ್ಲನ್ನು ತಳ್ಳಿಕೊಂಡೇ ಹೊರಟರು. ಹತ್ತಲು ಬರುವುದಿಲ್ಲವಂತೆ.
ಚೈನು ಸದ್ದೇ ಮಾಡಲಿಲ್ಲ.
ತಿರುವಿನಲ್ಲಿ ಮನೆಯ ಕಡೆ ಹೋಗಬೇಕಾದವರು
ಹೊಳೆಯ ಕಡೆ ಹೊರಳಿದರು.

"ನಾನಿನ್ನು ಹೋಗಬಹುದಾ?"
ಮೇಸ್ತ್ರಿ ಬರುವವರೆಗೆ ಕೂತಿರು ಎಂದೆ.
ಫ್ಲಾಸ್ಕಿನಲ್ಲಿ ಚಹಾ ತಣ್ಣಗಾಗಿತ್ತು.
ಕೊಟ್ಟೆ.