ಗೋಡೆಯಾಚೆಯ ಪ್ರಿಂಟರು

ಶಿವಮೊಗ್ಗ ಕೋರ್ಟಿನ ಎದುರು ಎರಡು ಮಳಿಗೆ, ನಡುವೆ ಒಂದಿಟ್ಟಿಗೆ ಗೋಡೆ.
ಈಚೆ ನನ್ನ ಲಿನಕ್ಸು, ಆಚೆ ಚೌಡಪ್ಪನ ವಿಂಡೋಸು,
ಅದರ ಪಕ್ಕ ಇಬ್ಬರೂ ದುಡ್ಡು ಹಾಕಿ ತಂದ ಪ್ರಿಂಟರು.
ಗೋಡೆಗೆ ತೂತು ಕೊರೆದು
ನೀಲಿ ವೈರು ಎಳೆದುಕೊಂಡಿದ್ದೇನೆ.

ಇವತ್ತು ಕುಂಸಿಯ ಅಣ್ಣತಮ್ಮಂದಿರು.
ಬೆಂಚಿನ ಆ ತುದಿಗೊಬ್ಬ, ಈ ತುದಿಗೊಬ್ಬ.
ಪಾಲುಪಟ್ಟಿಯ ಕರಡು ಟೈಪು ಮಾಡಿದೆ:
ಮೇಲಿನ ಗದ್ದೆ ಈರಪ್ಪನಿಗೆ,
ಕೊಟ್ಟಿಗೆ ಸಹಿತ ಕೆಳಗಿನದು ತೇಕಪ್ಪನಿಗೆ,
ಬಾವಿ ಮಾತ್ರ ಜಂಟಿ.

ಒತ್ತಿದೆ. ಸದ್ದಿಲ್ಲ.
'ಕಾಯುತ್ತಿದೆ' ಅಂದಿತು ಪರದೆ.
ಮತ್ತೆ ಒತ್ತಿದೆ. ಮತ್ತೆ, ಮತ್ತೆ.
ಆಮೇಲೆ ಹೆಸರು ಕೇಳಿತು, ಪಾಸ್‌ವರ್ಡು ಕೇಳಿತು,
ಸಕ್ಕರೆ ಸಾಲ ಕೇಳಲು ಹೋದವಳನ್ನು
ಹೊಸ್ತಿಲಲ್ಲೇ ನಿಲ್ಲಿಸಿ
'ಯಾರ ಪೈಕಿ?' ಅಂದ ಹಾಗೆ.

"ಚೌಡಪ್ಪಣ್ಣಾ, ಬದಲಿಸಿದ್ರಾ?"
ಗೋಡೆಯಾಚೆ ಕೆಮ್ಮು. ಆಮೇಲೆ ತಾನೇ ಬಂದ,
ಸೀಲಿನ ಮಸಿ ಹತ್ತಿದ ಬೆರಳು ಬಾಯಿಗೆ ಅಡ್ಡ ಹಿಡಿದು
ಕಿವಿಯಲ್ಲಿ ಹೇಳಿದ:
ಅವನಪ್ಪ ಎಂದೋ ಮಾರಿದ ಎತ್ತಿನ ಹೆಸರು,
ಅದರ ಮುಂದೆ ಒಂದು ಎರಡು ಮೂರು.

ಆಚೆ ಗರಗರ ಶುರುವಾಯಿತು. ನಿಲ್ಲಲೇ ಇಲ್ಲ.
ಸಾಲಿನಲ್ಲಿ ನಿಂತಿದ್ದ ನನ್ನ ಅವಸರವೆಲ್ಲ
ಬಿಸಿಬಿಸಿಯಾಗಿ ಹೊರಬಂತು,
ಒಂದೇ ಪಾಲು, ಏಳು ಸಲ.

"ಎರಡು ಸಾಕಿತ್ತು, ಐದು ದಂಡ," ಅಂದೆ, ಹಣ ನನ್ನದೇ ಅಂತಲೂ ಅಂದೆ.
ಈರಪ್ಪ ಹಾಳೆ ತಿರುವಿ ನೋಡಿದ.
ನೆಲ ನೋಡುತ್ತಲೇ, ಬೆಂಚಿನ ಆ ತುದಿಗೆ:
"ಹಿಂದುಗಡೆ ಖಾಲಿ ಐತಿ.
ನಿನ್ ಮಗಳಿಗೆ ಲೆಕ್ಕ ಬರಿಯಾಕೆ ಆಗ್ತತಿ."

ತೇಕಪ್ಪ ಏನೂ ಅನ್ನಲಿಲ್ಲ.
ಐದನ್ನೂ ಮಡಚಿ ಜೇಬಿಗಿಟ್ಟ.

ಪರದೆಯಲ್ಲಿ ಇನ್ನೂ
'ಕಾಯುತ್ತಿದೆ' ಅಂತಲೇ ಇತ್ತು.